ಲಾರಿಯ ಹಣೆಯ ಗುರುತಿಗೆ ಕಪ್ಪು ಬಣ್ಣ

ಹೋದ ವರ್ಷ ಆಯುಧಪೂಜೆಯ ಬೆಳಿಗ್ಗೆ ನಮ್ಮ ಅಕ್ಕನ ಮನೆಯಲ್ಲಿ ನಡೆದ ಒಂದು ಸಂಗತಿಯಿಂದ ಈ ಮಾತನ್ನು ಆರಂಭಿಸುತ್ತೇನೆ. ಅಕ್ಕನ ಮನೆ ಹೊಸೂರಿನಿಂದ ತಳಿಗೆ ಹೋಗುವ ದಾರಿಯಲ್ಲಿದೆ. ಅವಳ ಮಗ ಅಂಗಳದಲ್ಲಿ ತನ್ನ ಪಿಕಪ್ ಗಾಡಿಯನ್ನು ತೊಳೆಯುತ್ತಿದ್ದ. ಗಾಡಿ ಹೊಸದು. ಸಂಜೆ ಹಳ್ಳಿಗಳಲ್ಲಿ ಗುಲಾಬಿ, ಎಲೆಕೋಸು, ಟೊಮೇಟೊ ತುಂಬಿಕೊಂಡು ಬೆಳಗಿನ ಜಾವದೊಳಗೆ ಬೆಂಗಳೂರಿನ ಮಾರುಕಟ್ಟೆ ಸೇರಿಸುವುದು ಅದರ ಕೆಲಸ. ಈ ಹುಡುಗನಿಗೆ ಗಾಡಿಯ ಮುಂಭಾಗದಲ್ಲಿ ಬೆಳ್ಳಿಯಂತೆ ಹೊಳೆಯುವ ಕಂಪನಿಯ ಗುರುತು ಹಿಡಿಸಿರಲಿಲ್ಲ. ಈಗಿನ ಹುಡುಗರಿಗೆ ಎಲ್ಲವೂ ಕಪ್ಪಾಗಿರಬೇಕು. ಹಬ್ಬಕ್ಕೆ ನಾಲ್ಕು ದಿನ ಮೊದಲು ಪೇಂಟಿನ ಅಂಗಡಿಯಿಂದ ಒಂದು ಸ್ಪ್ರೇ ಡಬ್ಬಿ ತಂದು, ಗುರುತಿನ ಸುತ್ತ ಹಳೆಯ ದಿನಪತ್ರಿಕೆ ಅಂಟಿಸಿ, ಕಪ್ಪು ಹೊಡೆದಿದ್ದ. ಎರಡು ದಿನ ಚೆನ್ನಾಗಿಯೇ ಕಂಡಿತು. ಹಬ್ಬದ ಬೆಳಿಗ್ಗೆ ಪೈಪು ಹಿಡಿದು ನೀರು ಬಿಟ್ಟಾಗ ಆ ಬಣ್ಣ ಹಾವಿನ ಪೊರೆ ಕಳಚಿದಂತೆ ಸುರುಳಿ ಸುರುಳಿಯಾಗಿ ಎದ್ದು ಬಂತು.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಅವನು ಡಬ್ಬಿಯಲ್ಲಿ ಉಳಿದ ಬಣ್ಣವನ್ನು ವ್ಯರ್ಥ ಮಾಡಬಾರದೆಂದು ಇನ್ನೊಂದು ಕೆಲಸವನ್ನೂ ಮಾಡಿದ್ದ. ನಮ್ಮ ಭಾವ ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವರು. ಮೊದಲು ಬೇರೆಯವರ ಲಾರಿ, ಆಮೇಲೆ ಸಾಲ ಮಾಡಿ ಕೊಂಡ ಸ್ವಂತ ಲಾರಿ. ಅದು ಹಳತಾಗಿ ಗುಜರಿಗೆ ಹೋದಾಗ ಭಾವ ಮುಂಭಾಗದ ಗುರುತನ್ನು ಮಾತ್ರ ತಾವೇ ಬಿಚ್ಚಿಕೊಂಡು ಮನೆಗೆ ತಂದಿದ್ದರು. ಅಂಗೈ ಅಗಲದ, ಕೈಗೆ ಭಾರವಾಗಿ ಸಿಗುವ ಲೋಹದ ಗುರುತು. ಪ್ರತಿ ವರ್ಷ ಆಯುಧಪೂಜೆಗೆ ಸ್ಪ್ಯಾನರು, ಜಾಕು, ಅಕ್ಕನ ಈಳಿಗೆಮಣೆ, ಕುಡುಗೋಲುಗಳ ಜೊತೆ ಅದಕ್ಕೂ ಕುಂಕುಮ, ಹೂವು. ಈ ಸಲ ಭಾವ ಗೂಡಿನಿಂದ ಅದನ್ನು ತೆಗೆದಾಗ ಅದು ಕಾಡಿಗೆಯಂತೆ ಕಪ್ಪಾಗಿತ್ತು.

ಭಾವ ಬೈಯಲಿಲ್ಲ. ಅದನ್ನು ಎರಡು ಸಲ ತಿರುಗಿಸಿ ನೋಡಿ, ಇದ್ದಲ್ಲೇ ಇಟ್ಟು, ಉಳಿದ ಸಾಮಾನುಗಳಿಗೆ ಪೂಜೆ ಮಾಡಿದರು. ಊಟಕ್ಕೆ ಕೂತಾಗಲೂ ಮಾತಿಲ್ಲ. ಬೈದಿದ್ದರೆ ಹುಡುಗನಿಗೆ ಹಗುರವಾಗುತ್ತಿತ್ತೇನೋ. ಸಂಜೆ ಅವನು ನಮ್ಮ ಮನೆಗೆ ಬಂದ. "ಮಾವ, ಒಂದರ ಬಣ್ಣ ನಿಲ್ತಿಲ್ಲ, ಇನ್ನೊಂದರ ಬಣ್ಣ ಹೋಗಬೇಕು. ಏನು ಮಾಡ್ಲಿ?" ಎಂದು ಕೇಳಿದ.

ನಾನು ಹೊಸೂರಿನ ಒಂದು ಕಾರ್ಖಾನೆಯ ಬಣ್ಣದ ವಿಭಾಗದಲ್ಲಿ ಇಪ್ಪತ್ತೇಳು ವರ್ಷ ದುಡಿದವನು. ನನ್ನನ್ನು ಅವನು ಮೊದಲೇ ಕೇಳಬಹುದಿತ್ತು. ಕೇಳಲಿಲ್ಲ, ಇರಲಿ. ಆ ದಿನ ಅವನಿಗೆ ಹೇಳಿದ್ದನ್ನೇ ಇಂದು ತಮ್ಮ ಮುಂದೆ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ತಮ್ಮ ಮನೆಗಳಲ್ಲೂ ಇಂಥ ಹುಡುಗರಿದ್ದಾರು.

ಗಾಡಿಯ ಈ ಗುರುತಿಗೆ ಬಿಡಿಭಾಗಗಳ ಅಂಗಡಿಯಲ್ಲಿ ಮೋನೋಗ್ರಾಂ ಎನ್ನುತ್ತಾರೆ. ಓದು ಬಾರದ ಕಾಲದಲ್ಲಿ ನಮ್ಮ ಹಿರಿಯರು ಲಾರಿಯ ಜಾತಿಯನ್ನು ತಿಳಿಯುತ್ತಿದ್ದುದು ಇದರಿಂದಲೇ. ಟಾಟಾ ಸಂಸ್ಥೆ 1954ರಿಂದ 1969ರವರೆಗೆ ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯ ಜೊತೆಗೂಡಿ ಲಾರಿ ತಯಾರಿಸುತ್ತಿದ್ದಾಗ ಆ ಲಾರಿಗಳ ಹಣೆಯಲ್ಲಿ ಮೂರು ಮೂಲೆಯ ನಕ್ಷತ್ರವಿರುತ್ತಿತ್ತು. ಒಪ್ಪಂದ ಮುಗಿದ ಮೇಲೆ ನಕ್ಷತ್ರ ಹೋಗಿ ಟಾಟಾದವರ ಅಕ್ಷರ ಬಂತು. ಆದರೂ ನಮ್ಮ ಕಡೆಯ ಮುದುಕರ ಬಾಯಲ್ಲಿ ಅದು ಬಹುಕಾಲ "ಬೆಂಜ್ ಲಾರಿ"ಯಾಗಿಯೇ ಉಳಿಯಿತು. 1980ರಲ್ಲಿ ಹೊಸೂರಿನಲ್ಲಿ ಅಶೋಕ್ ಲೇಲ್ಯಾಂಡ್ ಕಾರ್ಖಾನೆ ಆರಂಭವಾಯಿತು; ಆಮೇಲೆ ನಮ್ಮೂರಿನ ಮಕ್ಕಳಿಗೆ ಲಾರಿಯ ಗುರುತು ಅಕ್ಷರಮಾಲೆಗಿಂತ ಮೊದಲು ಪರಿಚಯವಾಗತೊಡಗಿತು. ಗಡಿನಾಡಿನ ನಾವು ಒಂದು ಅಂಗಡಿಯಲ್ಲಿ ತಮಿಳು, ಪಕ್ಕದ ಅಂಗಡಿಯಲ್ಲಿ ತೆಲುಗು, ಮನೆಗೆ ಬಂದು ಕನ್ನಡ ಆಡುವವರು. ಲಾರಿಯ ಹಣೆಯ ಗುರುತು ಮಾತ್ರ ಎಲ್ಲರಿಗೂ ಒಂದೇ.

ಇನ್ನು ಆ ಬಣ್ಣ ಏಕೆ ನಿಲ್ಲಲಿಲ್ಲ ಎಂಬ ಪ್ರಶ್ನೆ.

ಹೊಸ ಗಾಡಿಗಳ ಗುರುತು ನೋಡಲು ಲೋಹದಂತಿದ್ದರೂ ಒಳಗೆ ಇರುವುದು ಸಾಮಾನ್ಯವಾಗಿ ಪ್ಲಾಸ್ಟಿಕ್. ಹಳೆಯ ಲಾರಿಗಳದು ಹೆಚ್ಚಾಗಿ ಸತುವಿನ ಮಿಶ್ರಲೋಹದ ಎರಕ. ಎರಡಕ್ಕೂ ಮೇಲಿನ ಹೊಳಪು ಬರುವುದು ಒಂದೇ ರೀತಿಯಲ್ಲಿ: ಮೊದಲು ತಾಮ್ರದ ಲೇಪ, ಅದರ ಮೇಲೆ ನಿಕ್ಕಲ್, ಎಲ್ಲಕ್ಕಿಂತ ಮೇಲೆ ಕ್ರೋಮಿಯಂ. ಕ್ರೋಮ್ ಎಂದು ನಾವು ಕರೆಯುವ ಆ ಮೇಲ್ಪದರ ಎಷ್ಟು ತೆಳು ಗೊತ್ತೇ? ಅಲಂಕಾರಕ್ಕೆ ಹಾಕುವ ಕ್ರೋಮ್ ಸಾಮಾನ್ಯವಾಗಿ ಅರ್ಧ ಮೈಕ್ರಾನನ್ನೂ ಮೀರುವುದಿಲ್ಲ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗ ಒಂದು ಮೈಕ್ರಾನ್. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ. ನಮಗೆ ಕಾಣುವ ಹೊಳಪಿನ ಬಹುಪಾಲು ಕೆಳಗಿನ ನಿಕ್ಕಲ್‌ನ ನುಣುಪಿನಿಂದ ಬಂದದ್ದು. ಕ್ರೋಮ್ ಅದಕ್ಕೆ ಸ್ವಲ್ಪ ನೀಲಿ ಛಾಯೆ ಕೊಟ್ಟು, ಮಂಕಾಗದಂತೆ ಕಾಯುತ್ತದೆ.

ಕ್ರೋಮಿಯಂಗೆ ಗಾಳಿ ತಾಗಿದ ಕೂಡಲೇ ಅದರ ಮೇಲೆ ಕಣ್ಣಿಗೆ ಕಾಣದ ಒಂದು ಆಕ್ಸೈಡ್ ಪೊರೆ ಕಟ್ಟಿಕೊಳ್ಳುತ್ತದೆ. ಅದಕ್ಕೇ ಅದು ತುಕ್ಕು ಹಿಡಿಯುವುದಿಲ್ಲ. ಅದೇ ಪೊರೆಯ ದೆಸೆಯಿಂದ ಬಣ್ಣವೂ ಅದರ ಜೊತೆ ಬೆರೆಯುವುದಿಲ್ಲ. ಜೊತೆಗೆ ಕನ್ನಡಿಯಂಥ ನುಣುಪು. ಬಣ್ಣಕ್ಕೆ ಕಾಲೂರಲು ಒಂದು ಗೀರೂ ಇಲ್ಲ. ಗಾರೆ ಮಾಡುವವರನ್ನು ಕೇಳಿ, ನುಣ್ಣನೆಯ ಗೋಡೆಯ ಮೇಲೆ ಗಾರೆ ಹಚ್ಚುವ ಮೊದಲು ಅದನ್ನು ಕೊಚ್ಚಿ ಕಚ್ಚು ಮಾಡುತ್ತಾರೆ. ಇಲ್ಲಿಯೂ ಹಾಗೆಯೇ. ನಮ್ಮ ಹುಡುಗ ಮಾಡಿದ್ದು ಕನ್ನಡಿಗೆ ಬಣ್ಣ ಹೊಡೆದ ಕೆಲಸ.

ಹಾಗಾದರೆ ಸರಿಯಾಗಿ ಮಾಡುವುದು ಹೇಗೆ? ಸಾಧ್ಯವಾದರೆ ಗುರುತನ್ನು ಗಾಡಿಯಿಂದ ಬಿಡಿಸಿಕೊಳ್ಳಿ. ಕೆಲವಕ್ಕೆ ಹಿಂದೆ ನಟ್ಟು ಇರುತ್ತದೆ. ಹೊಸವು ಬಹುಮಟ್ಟಿಗೆ ಎರಡೂ ಕಡೆ ಅಂಟಿರುವ ಟೇಪಿನಿಂದ ಕೂತಿರುತ್ತವೆ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಅಂಟು ಮೆತ್ತಗಾಗುತ್ತದೆ. ಆಮೇಲೆ ಮೀನಿನ ಗಾಳದ ನೈಲಾನ್ ದಾರವನ್ನು ಹಿಂದೆ ತೂರಿಸಿ ಗರಗಸ ಎಳೆದಂತೆ ಆ ಕಡೆ ಈ ಕಡೆ ಎಳೆಯಿರಿ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಗಾಡಿಯ ಬಣ್ಣ ಕಿತ್ತು ಬರುತ್ತದೆ. ಬಿಡಿಸಲು ಬಾರದಿದ್ದರೆ ಸುತ್ತಲೂ ಮಾಸ್ಕಿಂಗ್ ಟೇಪು ಅಂಟಿಸಿ, ಅದರಾಚೆ ಎರಡು ಮೊಳದಷ್ಟು ಜಾಗವನ್ನು ಕಾಗದದಿಂದ ಮುಚ್ಚಬೇಕು. ಡಬ್ಬಿಯಿಂದ ಹೊರಟ ಬಣ್ಣದ ಮಂಜು ನಾವು ಎಣಿಸಿದ್ದಕ್ಕಿಂತ ದೂರ ಹೋಗುತ್ತದೆ.

ಆಮೇಲೆ ತೊಳೆಯುವುದು. ಇದನ್ನು ಯಾರೂ ಕೆಲಸವೆಂದೇ ಎಣಿಸುವುದಿಲ್ಲ, ಕೆಡುವುದು ಮಾತ್ರ ಇಲ್ಲಿಯೇ. ಟೈರಿಗೆ, ಡ್ಯಾಷ್‌ಬೋರ್ಡಿಗೆ ಹೊಳಪು ಬರಲೆಂದು ಹಚ್ಚುವ ಪಾಲಿಷ್‌ಗಳಲ್ಲಿ ಸಿಲಿಕೋನ್ ಇರುತ್ತದೆ. ಅದರ ಒಂದಿಷ್ಟು ಜಿಡ್ಡು ಉಳಿದರೂ ಬಣ್ಣ ಅಲ್ಲಲ್ಲಿ ಹಿಂದೆ ಸರಿದು ಗುಂಡಗೆ ಹಳ್ಳ ಬೀಳುತ್ತದೆ. ನಮ್ಮ ಕೆಲಸದಲ್ಲಿ ಅದಕ್ಕೆ ಮೀನಿನ ಕಣ್ಣು ಎನ್ನುತ್ತೇವೆ. ಉಜ್ಜುವುದಕ್ಕೆ ಮೊದಲೇ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಎರಡು ಸಲ ತೊಳೆಯಿರಿ. ಮೊದಲು ಉಜ್ಜಿ ಆಮೇಲೆ ತೊಳೆದರೆ ಜಿಡ್ಡು ಗೀರುಗಳೊಳಗೆ ಹೊಕ್ಕು ಕೂರುತ್ತದೆ. ಶುದ್ಧವಾಯಿತೋ ಇಲ್ಲವೋ ಎಂದು ನೋಡಲು ಸುಲಭದ ದಾರಿ ನೀರು ಹಾಕಿ ನೋಡುವುದು. ನೀರು ಕೆಸುವಿನೆಲೆಯ ಮೇಲಿನ ಹನಿಯಂತೆ ಗುಂಡಗೆ ನಿಂತರೆ ಜಿಡ್ಡು ಇನ್ನೂ ಇದೆ. ಹಾಳೆಯಂತೆ ಹರಡಿಕೊಂಡರೆ ಹೋಗಿದೆ.

ಈಗ ಉಜ್ಜುವ ಕೆಲಸ. ನಾವು ಉಪ್ಪುಕಾಗದವೆಂದೂ ತಮಿಳಿನವರು ಉಪ್ಪುತ್ತಾಳ್ ಎಂದೂ ಕರೆಯುವುದರಲ್ಲಿ ನೀರಿನಲ್ಲಿ ಅದ್ದಿ ಉಜ್ಜುವ ಕಪ್ಪು ಕಾಗದವೊಂದಿದೆ, ಅಂಗಡಿಯಲ್ಲಿ ವಾಟರ್ ಪೇಪರ್ ಎಂದು ಕೇಳಿ. ಮೊದಲು 400 ನಂಬರಿನದು, ಆಮೇಲೆ 600. ಒತ್ತಿ ಉಜ್ಜಬೇಡಿ, ಸೋಪಿನ ನೀರಿನಲ್ಲಿ ಅದ್ದುತ್ತ ಹಗುರವಾಗಿ ಉಜ್ಜಿ. ಹೊಳಪು ಸತ್ತು ಇಡೀ ಮೈ ಮಂಜು ಕವಿದಂತೆ ಮಂಕಾಗಬೇಕು. ಅಕ್ಷರಗಳ ಸಂದುಗಳಿಗೆ ಕಾಗದ ಹೋಗುವುದಿಲ್ಲ. ಅಲ್ಲಿ ಪಾತ್ರೆ ಉಜ್ಜುವ ಹಸಿರು ನಾರಿನ ತುಂಡನ್ನು ಕಡ್ಡಿಯ ತುದಿಗೆ ಸುತ್ತಿ ಉಜ್ಜಿ. ಬಣ್ಣ ಮೊದಲು ಎದ್ದೇಳುವುದು ಈ ಸಂದುಗಳಿಂದ. ಅಂಚುಗಳಲ್ಲಿ ತಾಮ್ರದ ಕೆಂಪು ಕಾಣಿಸಿದರೆ ಅಲ್ಲಿಗೆ ನಿಲ್ಲಿಸಿ, ಆಗಲೇ ಎರಡು ಪದರ ದಾಟಿದ್ದೀರಿ.

ಇಲ್ಲೊಂದು ಮಾತನ್ನು ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಒಮ್ಮೆ ಉಜ್ಜಿದ ಕ್ರೋಮ್ ಮರಳಿ ಬರುವುದಿಲ್ಲ. ಎಷ್ಟು ಪಾಲಿಷ್ ಹಚ್ಚಿದರೂ ಬರುವುದಿಲ್ಲ. ಮತ್ತೆ ಹೊಳಪು ಬೇಕೆಂದರೆ ಲೇಪ ಹಾಕುವ ಕಾರ್ಖಾನೆಗೆ ಹೋಗಬೇಕು, ಇಲ್ಲವೇ ಹೊಸ ಗುರುತು ಕೊಳ್ಳಬೇಕು. ಉಜ್ಜುವ ಮೊದಲು ಈ ಗಾಡಿ ಎಷ್ಟು ವರ್ಷ ನನ್ನ ಬಳಿ ಇರುತ್ತದೆ, ನಾಳೆ ಕೊಳ್ಳುವವನಿಗೆ ಇದು ಹಿಡಿಸುತ್ತದೆಯೇ ಎಂದು ಒಂದು ರಾತ್ರಿ ಯೋಚಿಸಿ.

ಕ್ರೋಮನ್ನು ಪೂರ್ತಿ ತೆಗೆದೇ ಬಿಡೋಣವೆಂದು ಕೆಲವರು ಕಕ್ಕಸು ತೊಳೆಯುವ ಆಸಿಡ್ ಸುರಿಯುವುದುಂಟು. ಇನ್ನು ಕೆಲವರು ಬ್ಯಾಟರಿಯ ತಂತಿ ಕೊಟ್ಟು, ಕಾಸ್ಟಿಕ್ ಸೋಡಾದ ನೀರಿನಲ್ಲಿ ಅದ್ದುತ್ತಾರೆ. ದಯವಿಟ್ಟು ಎರಡನ್ನೂ ಮಾಡಬೇಡಿ. ಗಟ್ಟಿ ಲೋಹವಾಗಿ ಗಾಡಿಯ ಮೇಲೆ ಕೂತಿರುವ ಕ್ರೋಮಿಯಂನಿಂದ ಅಪಾಯವಿಲ್ಲ. ಆದರೆ ಕರೆಂಟು ಕೊಟ್ಟು ಅದನ್ನು ಕರಗಿಸಿದಾಗ ನೀರು ಹಳದಿಯಾಗುತ್ತದಲ್ಲ, ಆ ಹಳದಿಯೇ ವಿಷ. ಚರ್ಮವನ್ನು ಸುಡುತ್ತದೆ, ಕ್ಯಾನ್ಸರ್ ತರುವಂಥದ್ದು. ಅದನ್ನು ಮೋರಿಗೆ ಚೆಲ್ಲಿದರೆ ಎಲ್ಲಿಗೆ ಹೋದೀತು? ನಮ್ಮ ತಮಿಳುನಾಡಿನ ರಾಣಿಪೇಟೆಯಲ್ಲಿ ಮುಚ್ಚಿಹೋದ ಕ್ರೋಮೇಟ್ ಕಾರ್ಖಾನೆಯ ತ್ಯಾಜ್ಯ ಗುಡ್ಡೆ ಬಿದ್ದು ನೆಲದಡಿಯ ನೀರಿಗೆ ಸೇರಿದ್ದನ್ನು ತಾವು ಪತ್ರಿಕೆಗಳಲ್ಲಿ ಓದಿರಬಹುದು. ನಮ್ಮ ಹಿತ್ತಲಿನ ಬಾವಿಗೆ ಅದರ ಒಂದು ಲೋಟ ಸಾಕು.

ಉಜ್ಜಿ, ತೊಳೆದು, ಒಣಗಿಸಿದ ಮೇಲೆ ಬೆರಳು ತಾಗಿಸಬೇಡಿ. ನೇರವಾಗಿ ಕಪ್ಪು ಹೊಡೆಯಲೂ ಬೇಡಿ. ಮೊದಲು ಪ್ರೈಮರ್. ಬಾಗಿಲಿಗೆ ಹಚ್ಚಿ ಮಿಕ್ಕ ಮರದ ಪ್ರೈಮರ್ ಅಲ್ಲ. ಲೋಹ ಹಿಡಿಯುವ ಎಪಾಕ್ಸಿ ಅಥವಾ ಎಚ್ ಪ್ರೈಮರ್ ಎಂದು ಕೇಳಿ ತನ್ನಿ. ಡಬ್ಬಿಯನ್ನು ಎರಡು ನಿಮಿಷ ಚೆನ್ನಾಗಿ ಅಲ್ಲಾಡಿಸಿ, ಒಂದು ಗೇಣು ದೂರದಲ್ಲಿ ಹಿಡಿದು, ಗುರುತಿನ ಹೊರಗಿನಿಂದ ಬಣ್ಣ ಬಿಡಲು ಶುರುಮಾಡಿ ಅದರ ಮೇಲೆ ಹಾದು ಆಚೆ ಹೋಗಿ ನಿಲ್ಲಿಸಬೇಕು. ಮೇಲೆಯೇ ಶುರುಮಾಡಿ ಮೇಲೆಯೇ ನಿಲ್ಲಿಸಿದರೆ ಅಲ್ಲಿ ಬಣ್ಣ ಕೂಡಿಕೊಂಡು ಇಳಿಯುತ್ತದೆ. ಮೊದಲ ಸಲ ತೆಳ್ಳಗೆ, ಕೆಳಗಿನ ಮೈ ಕಂಡರೂ ಚಿಂತೆಯಿಲ್ಲ. ಹತ್ತು ಹದಿನೈದು ನಿಮಿಷ ಬಿಟ್ಟು ಇನ್ನೊಂದು ಸಲ. ಕಪ್ಪಿಗೂ ಇದೇ ಕ್ರಮ, ತೆಳುವಾಗಿ ಮೂರು ಸಲ. ಒಂದೇ ಸಲಕ್ಕೆ ದಪ್ಪಗೆ ಹೊಡೆದು ಮುಗಿಸುವ ಆಸೆ ಎಲ್ಲರಿಗೂ ಇರುತ್ತದೆ, ಕಾರ್ಖಾನೆಯಲ್ಲಿ ಸಂಬಳ ತೆಗೆದುಕೊಳ್ಳುವವರಿಗೂ ಇರುತ್ತದೆ.

ಮಳೆ ಹಿಡಿದ ದಿನ ಮಾಡಬೇಡಿ. ಗಾಳಿಯ ತೇವ ಕೂತು ಕಪ್ಪಿನ ಮೇಲೆ ಹಾಲಿನಂಥ ಬಿಳುಪು ಏಳುತ್ತದೆ. ಚಳಿಗಾಲದ ಬೆಳಿಗ್ಗೆ ನಮ್ಮ ಕಡೆ ಡಬ್ಬಿ ತಣ್ಣಗಾಗಿ ಬಣ್ಣ ಹನಿ ಹನಿಯಾಗಿ ಬೀಳುವುದುಂಟು. ಆಗ ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ. ಒಲೆಯ ಬಳಿ ಇಡಬೇಡಿ. ಅದರೊಳಗೆ ಒತ್ತಿ ತುಂಬಿರುವುದು ಬೆಂಕಿ ಹತ್ತುವ ಅನಿಲ. ಹುಲ್ಲಿರುವ ದನದ ಕೊಟ್ಟಿಗೆಯಲ್ಲಿ, ದೀಪ ಉರಿಯುವ ಪಡಸಾಲೆಯಲ್ಲಿ, ಮಗು ಮಲಗಿರುವ ಕೋಣೆಯ ಕಿಟಕಿಯ ಕೆಳಗೆ ಈ ಕೆಲಸ ಬೇಡ. ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ, ಬೀಡಿ ಆರಿಸಿ.

ಕಪ್ಪಿನ ಮೇಲೆ ಕ್ಲಿಯರ್ ಎಂಬ ಪಾರದರ್ಶಕ ಬಣ್ಣವನ್ನು ಎರಡು ಸಲ ಹೊಡೆದರೆ ಬಾಳಿಕೆ ಹೆಚ್ಚು. ಆದರೆ ಗಟ್ಟಿಕಾರಕ ಬೆರೆಸಿ ಹೊಡೆಯುವ ಎರಡು ಡಬ್ಬಿಯ ಕ್ಲಿಯರನ್ನು ಮನೆಯಲ್ಲಿ ಮುಟ್ಟಬೇಡಿ. ಅದರಲ್ಲಿ ಐಸೋಸಯನೇಟ್ ಎಂಬ ವಸ್ತುವಿದೆ, ಒಮ್ಮೆ ಅದರಿಂದ ಉಬ್ಬಸ ಹತ್ತಿದರೆ ಆಮೇಲೆ ಅದರ ವಾಸನೆಯೂ ಆಗದು. ಮೂಗಿಗೆ ಕಟ್ಟಿದ ಟವೆಲ್ಲು ಅದನ್ನು ತಡೆಯುವುದಿಲ್ಲ. ನಮ್ಮ ವಿಭಾಗದಲ್ಲಿ ಹೊರಗಿನಿಂದ ಶುದ್ಧ ಗಾಳಿ ಬರುವ ಮುಖವಾಡ ಹಾಕದವರನ್ನು ಆ ಕೋಣೆಗೆ ಬಿಡುತ್ತಿರಲಿಲ್ಲ. ಒಂದೇ ಡಬ್ಬಿಯ ಸಾಧಾರಣ ಕ್ಲಿಯರ್ ನಮಗೆ ಸಾಕು. ಒಂದು ಹಗಲು ಒಂದು ರಾತ್ರಿ ಒಣಗಲಿ. ವಾಟರ್ ಸರ್ವಿಸ್‌ನವರ ಜೋರು ನೀರಿಗೆ ಒಂದು ವಾರ ಒಡ್ಡಬೇಡಿ.

ಹೊಳೆಯುವ ಕಪ್ಪೋ, ಮಂಕು ಕಪ್ಪೋ ಎಂದು ಅಂಗಡಿಯವರು ಕೇಳುತ್ತಾರೆ. ಪೂರ್ತಿ ಮಂಕಾದದ್ದು ನೋಡಲು ಗಂಭೀರವಾಗಿದ್ದರೂ ನಮ್ಮ ಕೆಂಪು ಧೂಳು ಅದರಲ್ಲಿ ಕೂತರೆ ಏಳುವುದಿಲ್ಲ. ನಡುವಿನದನ್ನು ಕೊಳ್ಳಿ ಎನ್ನುವುದು ನನ್ನ ಅಭಿಪ್ರಾಯ.

ಉಜ್ಜುವ ಧೈರ್ಯವಿಲ್ಲದವರಿಗೆ ಇನ್ನೊಂದು ದಾರಿಯಿದೆ. ಒಣಗಿದ ಮೇಲೆ ರಬ್ಬರಿನ ಹಾಳೆಯಂತಾಗುವ ಸ್ಪ್ರೇ ಬಣ್ಣ ಈಗ ಸಿಗುತ್ತದೆ. ಇದಕ್ಕೆ ಕ್ರೋಮ್ ನುಣ್ಣಗಿದ್ದಷ್ಟೂ ಒಳ್ಳೆಯದು. ತೊಳೆದು ಒಣಗಿಸಿ ನಾಲ್ಕೈದು ಸಲ ಹೊಡೆಯಬೇಕು. ತೆಳ್ಳಗಾದರೆ ಮುಂದೆ ಕೀಳುವಾಗ ಚೂರು ಚೂರಾಗಿ ಬರುತ್ತದೆ. ಕೊನೆಯ ಸಲದ ಬಣ್ಣ ಹಸಿಯಾಗಿರುವಾಗಲೇ ಸುತ್ತಲಿನ ಟೇಪನ್ನು ತೆಗೆದುಬಿಡಬೇಕು. ಬೇಡವಾದ ದಿನ ಉಗುರಿನಿಂದ ಅಂಚು ಎಬ್ಬಿಸಿದರೆ ಇಡೀ ಹಾಳೆ ಎದ್ದು ಬರುತ್ತದೆ, ಕೆಳಗೆ ಕ್ರೋಮ್ ಮೊದಲಿನಂತೆಯೇ ಇರುತ್ತದೆ. ಪೆಟ್ರೋಲ್ ತಾಗಿದರೆ ಮಾತ್ರ ಇದು ಕರಗಿ ಹಾಳಾಗುತ್ತದೆ.

ಕಾನೂನಿನ ಮಾತು ಎರಡು. ಗುರುತಿಗೆ ಕಪ್ಪು ಹೊಡೆದ ಉತ್ಸಾಹದಲ್ಲಿ ದೀಪಗಳಿಗೆ, ನಂಬರ್ ಪ್ಲೇಟಿಗೆ, ಹಿಂದಿನ ಕೆಂಪು, ಮುಂದಿನ ಬಿಳಿ, ಪಕ್ಕದ ಹಳದಿ ಪ್ರತಿಫಲಕ ಪಟ್ಟಿಗಳಿಗೆ ಹೊಡೆಯಬೇಡಿ. ರಾತ್ರಿ ರಸ್ತೆ ಬದಿ ನಿಂತ ಗಾಡಿಯನ್ನು ಹಿಂದಿನವನಿಗೆ ತೋರಿಸುವುದು ಆ ಪಟ್ಟಿಗಳೇ. ಗಾಜಿಗೆ ಕಪ್ಪು ಹಾಳೆ ಅಂಟಿಸುವುದನ್ನು ಸುಪ್ರೀಂ ಕೋರ್ಟು 2012ರಲ್ಲಿಯೇ ನಿಷೇಧಿಸಿತು. ಇಡೀ ಗಾಡಿಯ ಬಣ್ಣ ಬದಲಿಸಿದರೆ ನೋಂದಣಿ ಪತ್ರದಲ್ಲಿಯೂ ಬದಲಿಸಬೇಕು. ಅತ್ತಿಬೆಲೆಯ ಗಡಿಯನ್ನು ದಿನಕ್ಕೆ ಎರಡು ಸಲ ದಾಟುವ ನಾವು ಎರಡು ರಾಜ್ಯದ ಅಧಿಕಾರಿಗಳಿಗೆ ಉತ್ತರ ಹೇಳಬೇಕಾದವರು. ಅಂದಹಾಗೆ, ಮುಂದೆ ಅಡ್ಡ ಬಂದದ್ದನ್ನು ಕಂಡು ತಾನೇ ಬ್ರೇಕು ಹಾಕುವ ಹೊಸ ಗಾಡಿಗಳಲ್ಲಿ ಕೆಲವಕ್ಕೆ ಆ ಯಂತ್ರದ ರಾಡಾರ್ ಗುರುತಿನ ಹಿಂದೆಯೇ ಇರುತ್ತದೆ. ಅಂಥ ಗಾಡಿಯ ಗುರುತಿಗೆ ಯಾವ ಬಣ್ಣವೂ ಬೇಡ.

ಇನ್ನು ಭಾವನ ಗುರುತಿನ ವಿಷಯ. "ಇದನ್ನ ಉಜ್ಜಿದ್ಯೇನೋ?" ಎಂದು ಹುಡುಗನನ್ನು ಕೇಳಿದೆ. ನನ್ನ ಎದೆಯಲ್ಲಿ ಸ್ವಲ್ಪ ಭಯವೇ ಇತ್ತು. "ಇಲ್ಲ ಮಾವ, ಒರೆಸಿ ಹಂಗೇ ಹೊಡ್ದೆ" ಎಂದ. ಅವನಿಗೆ ಕೆಲಸ ಗೊತ್ತಿಲ್ಲದಿದ್ದುದೇ ಪುಣ್ಯ. ಇಷ್ಟು ಹೊತ್ತು ತಮಗೆ ವಿವರಿಸಿದ ಕ್ರಮವನ್ನೆಲ್ಲ ಅವನು ಬಲ್ಲವನಾಗಿದ್ದರೆ ಆ ಗುರುತು ಅಲ್ಲಿಗೆ ಮುಗಿದಿತ್ತು. ಅಂಗಳದಲ್ಲಿ ಕೂತು ಹತ್ತಿಗೆ ತಿನ್ನರ್ ಹಾಕಿ ಒರೆಸಿದೆವು. ಪ್ಲಾಸ್ಟಿಕ್ ಗುರುತಾಗಿದ್ದರೆ ತಿನ್ನರ್ ಮುಟ್ಟಿಸುವಂತಿರಲಿಲ್ಲ, ಹಿಂಭಾಗ ಕರಗಿ ಬಿರಿಯುತ್ತದೆ. ಇದು ಹಳೆಯ ಕಾಲದ ಲೋಹ. ಹತ್ತು ನಿಮಿಷದಲ್ಲಿ ಕಪ್ಪೆಲ್ಲ ಹತ್ತಿಗೆ ಬಂತು.

ಆಗ ಒಂದು ವಿಷಯ ಕಂಡಿತು. ಗುರುತಿನ ನಡುವೆ ನೀಲಿ ಛಾಯೆಯ ಹೊಳಪು, ಅಂಚುಗಳಲ್ಲಿ ಮಾತ್ರ ತಿಳಿ ಹಳದಿ. ಹುಡುಗ ಗಾಬರಿಯಾಗಿ, ತಿನ್ನರ್‌ನಿಂದ ಹೀಗಾಯಿತೇ ಎಂದು ಕೇಳಿದ. ಅಲ್ಲ, ಅದು ಕೆಳಗಿನ ನಿಕ್ಕಲ್. ಅವನ ಅಪ್ಪ ಲಾರಿ ಇದ್ದಾಗಲೂ ಆಮೇಲೂ ವರ್ಷ ವರ್ಷ ವಿಭೂತಿ ಹಾಕಿ ಉಜ್ಜಿ ಉಜ್ಜಿ ಅಂಚಿನ ಕ್ರೋಮನ್ನು ಸವೆಸಿದ್ದರು. ಎಲ್ಲಿ ಹೆಬ್ಬೆರಳು ಹೆಚ್ಚು ಒತ್ತುತ್ತಿತ್ತೋ ಅಲ್ಲಿ ಹೆಚ್ಚು ಹಳದಿ. ಹುಡುಗ ಅಲ್ಲಿ ತನ್ನ ಹೆಬ್ಬೆರಳು ಇಟ್ಟು ನೋಡಿದ. ಏನೂ ಹೇಳಲಿಲ್ಲ.

ರಾತ್ರಿ ಇಬ್ಬರೂ ಅದನ್ನು ತೆಗೆದುಕೊಂಡು ಹೋದೆವು. ಭಾವ ದೀಪದ ಬೆಳಕಿಗೆ ಹಿಡಿದು ನೋಡಿದರು. ಹುಡುಗ ಬಾಗಿಲ ಬಳಿಯೇ ನಿಂತು, "ಅಪ್ಪಾ, ಗಾಡೀದಕ್ಕೆ ಕಪ್ಪು ಹಾಕ್ಲಾ ಬೇಡ್ವಾ?" ಎಂದು ಕೇಳಿದ. "ಗಾಡಿ ನಿಂದು. ಹಾಕೋದಾದ್ರೆ ನಿಮ್ಮ ಮಾವನ್ನ ಕೇಳಿ ಸರಿಯಾಗಿ ಹಾಕು" ಎಂದರು. ಸಾಲದ ಕಂತು ಇನ್ನೂ ಇರುವುದರಿಂದ ಅವನು ರಬ್ಬರಿನ ಬಣ್ಣವನ್ನೇ ಹೊಡೆದ. ಈ ಮಳೆಗಾಲವನ್ನೂ ಅದು ದಾಟಿದೆ.

ಅಷ್ಟರಲ್ಲಿ ಭಾವ ದೇವರ ಗೂಡಿನಿಂದ ವಿಭೂತಿ ಗಟ್ಟಿ ತೆಗೆದು, ಪಂಚೆಯ ತುದಿಗೆ ಸವರಿಕೊಂಡು ಆ ಗುರುತನ್ನು ಉಜ್ಜಲು ಕೂತರು. ಕ್ರೋಮ್ ಅರ್ಧ ಮೈಕ್ರಾನ್ ಮಾತ್ರ, ವಿಭೂತಿ ಹಾಕಬೇಡಿ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ.